ಹೂಂಗುಟ್ಟಿದ ಮಧ್ಯಾಹ್ನ

ಯಾರಾದರೂ ಹೇಳುತ್ತಿದ್ದರೆ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದಾಗದು. ಹೂಂಗುಟ್ಟದಿದ್ದರೆ ನಮ್ಮಜ್ಜಿ ಕತೆಯನ್ನು ಅರ್ಧಕ್ಕೇ ನಿಲ್ಲಿಸಿ, "ಯಾರಿಗೆ ಹೇಳ್ತಿದ್ದೀನಿ, ಗೋಡೆಗಾ?" ಎಂದು ರೇಗುತ್ತಿದ್ದಳು. ಆ ಚಾಳಿಯನ್ನು ಹೊತ್ತುಕೊಂಡೇ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ ಊರಿನ ವೃದ್ಧಾಶ್ರಮವೊಂದಕ್ಕೆ ನರ್ಸಾಗಿ ಬಂದೆ.

೨೦೧೬ರ ಚಳಿಗಾಲದಲ್ಲಿ ಅಲ್ಲಿ ಪೆಸಿಫಿಕ್ ಸಾಗರದ ಕಿರಿಬಾಟಿ ದ್ವೀಪದ ಮುದುಕಿಯೊಬ್ಬಳಿದ್ದಳು. ಕಣ್ಣು ಪೂರ್ತಿ ಮಂಜು, ಇಂಗ್ಲಿಷ್ ಬಾರದು. ಕ್ಲೀನರ್ ಕೆಲಸದ ಮಗಳು ದಿನಾ ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದು ಕೈ ಹಿಡಿದು ಕೂರುವಳು. ತಾಯಿ ಅವಳಿಗೆ ತಮ್ಮ ಮನೆತನದ ನಾಣ್ಣುಡಿಗಳನ್ನು ದಿನಕ್ಕೊಂದರಂತೆ ಹೇಳಿಕೊಡುವಳು. ಹೊರಗಿನವರಿಗೆ ಹೇಳಬಹುದಾದ ಒಂದನ್ನು ಮಗಳು ನನಗೂ ಬಿಡಿಸಿ ಹೇಳಿದ್ದಳು: "ಗೆಡ್ಡೆ ಬೆಳೆಯುವ ಗುಂಡಿಯನ್ನು ನೆರೆಯವನಿಗೆ ತೋರಿಸಿದವನು ನೆರೆಮನೆಯಲ್ಲೇ ಉಣ್ಣಬೇಕು." ಗೆಡ್ಡೆಗೆ ಯಾವ ಎಲೆಯ ಗೊಬ್ಬರ ಎಂಬುದೂ ಅವರಲ್ಲಿ ಮನೆಯ ಗುಟ್ಟಂತೆ. ಕೊನೆಯ ಗುಟ್ಟಿನ ಮಾತುಗಳನ್ನು ಸಾಯುವ ಮುಂಚೆ ಒಬ್ಬರಿಗೇ, ಒಂದೇ ಸಲ ಕೊಡುವುದು ಆ ಮನೆಯ ಪದ್ಧತಿ. ಮಗಳು ಅದಕ್ಕೇ ಕಾಯುತ್ತಿದ್ದಳು.

ಒಂದು ದಿನ ಅವಳಿಗೆ ಬಸ್ ತಪ್ಪಿತು. ನಾನು ಮುದುಕಿಯ ಕೈ ಒರೆಸುತ್ತಿದ್ದೆ. ಅವಳು ನನ್ನ ಬೆರಳು ಹಿಡಿದುಕೊಂಡು ಮೆಲ್ಲಗೆ ಏನೋ ಶುರುಮಾಡಿದಳು. ಒಂದಕ್ಷರ ತಿಳಿಯದಿದ್ದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಹೂಂ," ಎಂದೆ.

ಅವಳು ಮುಂದುವರಿಸಿದಳು.

"ಹೂಂ... ಹೇಳಜ್ಜಿ."

ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ನನ್ನ ಅಂಗೈಯನ್ನು ಮಡಚಿ ಮುಷ್ಟಿ ಮಾಡಿ, ದಿಂಬಿಗೆ ತಲೆಯಿಟ್ಟಳು.

ಮಗಳು ಓಡೋಡಿ ಬಂದಾಗ ನಾನು ಬೀಗುತ್ತಾ ಹೇಳಿದೆ, "ಇವತ್ತು ನಿಮ್ಮಮ್ಮ ಅರ್ಧ ಗಂಟೆ ಮಾತಾಡಿದರು!"

"ಯಾರ ಹತ್ತಿರ?"

"ನನ್ನ ಹತ್ತಿರ. ನಾನು ಹೂಂ ಹೂಂ ಅಂತಿದ್ದೆ."

ಅವಳು ಗೋಡೆಗೆ ಒರಗಿದಳು. ಆಮೇಲೆ ಬಾಗಿ ತಾಯಿಯ ಕಿವಿಯಲ್ಲಿ ಏನೋ ಕೇಳಿದಳು. ಮುದುಕಿ ನಕ್ಕು, ತುಸುವೇ ಮಾತಾಡಿದಳು.

"ಎಲ್ಲಾ ನಿನಗೆ ಕೊಟ್ಟಾಯ್ತಲ್ಲ ಮಗಳೇ, ಇನ್ನು ಹೊರಡಬಹುದು, ಅಂತಿದ್ದಾಳೆ," ಎಂದಳು ಮಗಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವಳದ್ದೇನೂ ತಪ್ಪಿರಲಿಲ್ಲ, ಒಡೆದವಳು ನಾನು. ನನಗೆ ಅಳು ತಡೆಯಲಾಗಲಿಲ್ಲ. "ಕೇಳಿದ್ದು ನೀವಲ್ಲ, ನಾನು ಅಂತ ಹೇಳಿಬಿಡಿ. ಇನ್ನೊಂದು ಸಲ ಹೇಳಲಿ," ಎಂದು ಗೋಗರೆದೆ.

ಅವಳು ಬೇಡವೆಂದು ತಲೆಯಾಡಿಸಿದಳು. "ನೋಡಿ, ಎಷ್ಟು ನೆಮ್ಮದಿಯಾಗಿದ್ದಾಳೆ."

ನಾನು ಬಿಟ್ಟ ತಾಯಿಯ ಕೈಯನ್ನು ಅವಳು ಹಿಡಿದುಕೊಂಡಳು. ಮುದುಕಿ ಮತ್ತೇನೋ ಕೇಳಿದಳು. ಎಲ್ಲಾ ನೆನಪಿದೆಯಾ ಎಂದಿರಬೇಕು.

ಮಗಳು ನನ್ನತ್ತ ಒಮ್ಮೆ ನೋಡಿ, ನನ್ನ ಹಾಗೆಯೇ, "ಹೂಂ," ಎಂದಳು.