ಯಾರ ಸ್ವಲ್ಪ ಎಷ್ಟು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಟೈಲರಮ್ಮ ಹೊಲಿಗೆ ಯಂತ್ರ ತುಳಿಯತೊಡಗಿ ಮೂವತ್ತೊಂದು ವರ್ಷವಾಗಿತ್ತು. ಮೊದಲ ವರ್ಷವೇ ಆಕೆ ಒಂದು ಪೆಟ್ಟು ತಿಂದಿದ್ದಳು. ಬ್ಯಾಂಕಿನ ಕಾವಲುಗಾರ "ಅಂಗಿ ಸ್ವಲ್ಪ ಸಡಿಲ ಇರ್ಲಿ" ಎಂದಿದ್ದ. ಅರ್ಧ ಇಂಚು ಬಿಟ್ಟು ಹೊಲಿದಳು. ಅವನು ತೊಟ್ಟು ನೋಡಿ, "ಇದರೊಳಗೆ ಉಸಿರಾಡೋದು ಹೇಗಮ್ಮ?" ಎಂದು ರೇಗಿದ. ಅವನ ಸ್ವಲ್ಪವೆಂದರೆ ಮೂರು ಇಂಚು. ಅದೇ ವಾರ ಅದೇ ಮಾತು ಹೇಳಿ ಹೊಲಿಸಿದ್ದ ಕಾಲೇಜು ಹುಡುಗಿಯೊಬ್ಬಳು ಅರ್ಧ ಇಂಚಿಗೇ "ಅಯ್ಯೋ, ಗೋಣಿಚೀಲ!" ಎಂದು ಮುಖ ಸಿಂಡರಿಸಿದಳು. ಅಂದಿನಿಂದ ಟೈಲರಮ್ಮ ಅಳತೆ ಪುಸ್ತಕದಲ್ಲಿ ಎದೆ, ಸೊಂಟದ ಪಕ್ಕ ಇನ್ನೊಂದು ಗೆರೆ ಎಳೆದು, ಯಾರ ಸ್ವಲ್ಪ ಎಷ್ಟು ಎಂದು ಬರೆದಿಡತೊಡಗಿದಳು.

"ಮೈ ಬಿಟ್ಟು ಬಾಯಿ ಅಳೀತಾಳೆ," ಎಂದು ಇಸ್ತ್ರಿ ಮಾಡುವ ಗಂಡ ಛೇಡಿಸುತ್ತಿದ್ದ.

"ನಿಮ್ಮ ಬಾಯಿಗೆ ಟೇಪು ಸಾಲಲ್ಲ, ಸುಮ್ನಿರಿ."

ಗ್ರಂಥಾಲಯದ ಮೇಡಂ ಅವರದು ಕಾಲಿಂಚು. ಹದಿನೈದು ವರ್ಷದಲ್ಲಿ ಅವರ ಬಾಯಿಂದ 'ತುಂಬಾ' ಎಂಬ ಮಾತು ಬಂದಿರಲಿಲ್ಲ. ಒಂದು ಬೆಳಿಗ್ಗೆ ಆರು ತಿಂಗಳ ಹಿಂದೆ ಹೊಲಿಸಿದ್ದ ಕೋಟು ತಂದು, "ಸ್ವಲ್ಪ ಸಡಿಲ ಆಗಿದೆ, ಹಿಡಿದುಕೊಡಿ" ಎಂದರು. ಕೋಟು ತೊಡಿಸಿ ಹಿಡಿದು ನೋಡಿದರೆ ನಾಲ್ಕು ಇಂಚು ಬಟ್ಟೆ ಕೈಗೆ ಬಂತು.

"ಮೇಡಂ, ಇದು ಸ್ವಲ್ಪ ಅಲ್ಲ."

"ವಯಸ್ಸಾಯ್ತಲ್ಲಮ್ಮ."

"ಸುಸ್ತಾಗತ್ತಾ?"

"ಸ್ವಲ್ಪ."

"ಬಾಯಾರಿಕೆ?"

"ಅದೂ ಸ್ವಲ್ಪ."

ಟೈಲರಮ್ಮ ಅಳತೆ ಪುಸ್ತಕ ತೆರೆದು ನೋಡಿದಳು. ಬಟ್ಟೆಯ ವಿಷಯದಲ್ಲಿ ಕಾಲಿಂಚಾಗಿದ್ದ ಮಾತು ಅವರ ಮೈಯ ವಿಷಯಕ್ಕೆ ಬಂದಾಗ ನಾಲ್ಕು ಇಂಚಾಗಿತ್ತು. ಹಾಗಿದ್ದರೆ ಆ ಸುಸ್ತು ಎಷ್ಟಿರಬೇಡ?

"ನಾನು ಇವತ್ತು ಕೋಟು ಮುಟ್ಟಲ್ಲ. ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲಿ ಹೋಗಿ ಸ್ವಲ್ಪ ಅನ್ಬೇಡಿ. ಎಷ್ಟು ಮೆಟ್ಟಿಲು ಹತ್ತಿದ್ರೆ ಸುಸ್ತಾಗಿ ಕೂತ್ಕೋತೀರಿ, ದಿನಕ್ಕೆ ಎಷ್ಟು ಚೊಂಬು ನೀರು ಕುಡೀತೀರಿ, ಅದನ್ನ ಹೇಳಿ."

ಮೇಡಂ ಕೋಟು ಅಲ್ಲೇ ಬಿಚ್ಚಿಟ್ಟು, ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಮೂರು ದಿನ ಬಿಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಆಸ್ಪತ್ರೆಗೆ ಹೋದರು. ಆರು ಮೆಟ್ಟಿಲು, ಒಂಬತ್ತು ಚೊಂಬು ಎಂದು ಹೇಳಿದ್ದೇ ತಡ, ಡಾಕ್ಟರು ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಮೇರೆ ಮೀರಿದೆಯೆಂದು ಅಲ್ಲೇ ಮಲಗಿಸಿಕೊಂಡರು. ಹತ್ತು ದಿನ ಹಾಸಿಗೆ, ಆಮೇಲೆ ದಿನಕ್ಕೆರಡು ಚುಚ್ಚುಮದ್ದು.

ಐದು ತಿಂಗಳು ಕೋಟು ಅಂಗಡಿಯ ಮೊಳೆಯಲ್ಲೇ ತೂಗಾಡಿತು. ಮೇಡಂ ಬಂದು ತೊಟ್ಟು ನೋಡಿದಾಗ ಎಲ್ಲಿಯೂ ಹಿಡಿಯಬೇಕಾಗಿರಲಿಲ್ಲ. ಕನ್ನಡಿಯ ಮುಂದೆ ಗುಂಡಿ ಹಾಕಿಕೊಂಡು, "ಬರ್ತೀನಮ್ಮ, ಬಾಗಿಲು ತೆಗೆಯೋ ಹೊತ್ತಾಯ್ತು" ಎಂದು ಗ್ರಂಥಾಲಯದ ಕಡೆ ನಡೆದರು.