ಈಶಾನ್ಯ ಮೂಲೆಯ ಕೇದಾರ

ಹೈದರಾಬಾದಿನ ನಮ್ಮ ಕಾಚಿಗೂಡದ ಮನೆಯ ಮಾಳಿಗೆಯನ್ನು ಅಪ್ಪ ತಾನೇ ಮುಂದೆ ನಿಂತು ಹಾಕಿಸಿದ್ದ. ನೀರಾವರಿ ಇಲಾಖೆಯ ಎಂಜಿನಿಯರ್, ಕೇಳಬೇಕೇ! ಇಳಿಜಾರು ಈಶಾನ್ಯಕ್ಕೆ, ಆ ಮೂಲೆಯಲ್ಲಿ ನೀರು ಹೋಗಲು ಮುಷ್ಟಿ ಗಾತ್ರದ ಕಿಂಡಿ, ಅದರ ಕೆಳಗೇ ದೇವರ ಮನೆ. ದೇವರನ್ನು ನಂಬದವನು ಇಷ್ಟು ವಾಸ್ತು ಪಾಲಿಸಿದ್ದು ಅವ್ವನ ಕಾಟಕ್ಕೆ. ಮನೆಗೆ ಬಂದವರಿಗೆಲ್ಲ, "ಇಷ್ಟು ವರ್ಷ ಆತು, ಒಂದು ಹನಿ ಸೋರಿಲ್ಲ ನೋಡ್ರಿ" ಎನ್ನುತ್ತಿದ್ದ. ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ಅವನು ಉಳಿಸಿಕೊಳ್ಳದ ಮಾತು ಒಂದಿತ್ತು. ನಿವೃತ್ತನಾದ ಮೇಲೆ ಕೇದಾರಕ್ಕೆ ಕರೆದೊಯ್ಯುತ್ತೇನೆ ಎಂದು ಮದುವೆಯ ಹೊಸತರಲ್ಲೇ ಅವ್ವನಿಗೆ ಹೇಳಿದ್ದನಂತೆ. ನಿವೃತ್ತಿ ಬಂತು, ಅದರ ಬೆನ್ನಿಗೇ ಅವ್ವನ ಹೃದಯದ ಕಾಯಿಲೆಯೂ ಬಂತು. ಬೆಟ್ಟದ ಮಾತೇ ಬೇಡ ಎಂದರು ಡಾಕ್ಟರು. ಯಾತ್ರೆಗೆಂದು ತಾನೇ ಹೆಣೆದಿದ್ದ ಸ್ವೆಟರನ್ನು ಅವ್ವ ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಅಪ್ಪ ನೋಡಿಯೂ ನೋಡದಂತಿದ್ದ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಆ ವರ್ಷ ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಆಲಿಕಲ್ಲು ಸುರಿಯಿತು. ಹೈದರಾಬಾದಿನಲ್ಲಿ ನಾಲ್ಕು ಆಲಿಕಲ್ಲು ಬೀಳುವುದು, ನಾವು ಆರಿಸಿ ಬಾಯಿಗೆ ಹಾಕಿಕೊಳ್ಳುವುದು ಹೊಸದಲ್ಲ. ಇದು ಹಾಗಲ್ಲ. ಅರ್ಧ ಗಂಟೆ ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ನಿಂತ ಮೇಲೆ ಮಾಳಿಗೆಯ ಬಾಗಿಲು ತೆರೆದರೆ ನೆಲವೇ ಇಲ್ಲ. ಪಾದ ಮುಳುಗುವಷ್ಟು ಬಿಳಿ. ನೀರಿನ ಟ್ಯಾಂಕು, ತುಳಸಿ ಕುಂಡ, ಸಾಲಾಗಿ ನಿಂತ ಮಾಳಿಗೆಗಳು, ರೈಲು ಸ್ಟೇಷನ್ನಿನವರೆಗೆ ಎಲ್ಲವೂ ಬಿಳಿ, ಮೇಲೆ ತೆಳ್ಳಗೆ ಹೊಗೆಯಾಡುತ್ತಿತ್ತು. ನಾನು ಮೊದಲೇ ಬಾಯಿಬಡುಕಿ, ಓಣಿಗೆಲ್ಲ ಕೇಳುವಂತೆ ಅವ್ವನನ್ನು ಕೂಗಿ ಕರೆದೆ.

ಅವ್ವ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಮೈಮೇಲೆ ಆ ಸ್ವೆಟರ್! ಬರಿಗಾಲಲ್ಲೇ ಆ ಬಿಳುಪಿಗೆ ಇಳಿದಳು.

"ನಾ ಹೋಗಲಿಲ್ಲ, ಶಿವನೇ ಇಲ್ಲಿಗೆ ಬಂದಾನ ನೋಡು" ಎಂದಳು. ಅವಳ ಕಣ್ಣು ತುಂಬಿತ್ತು.

ಇಬ್ಬರೂ ಬೊಗಸೆ ಬೊಗಸೆ ಆಲಿಕಲ್ಲು ತಂದು, ಕೈ ಮರಗಟ್ಟುವ ತನಕ ಒತ್ತಿ ಒತ್ತಿ ಮೊಣಕಾಲೆತ್ತರದ ಲಿಂಗ ಮಾಡಿದೆವು. ಎಲ್ಲಿ? ಶಿವನ ದಿಕ್ಕು ಈಶಾನ್ಯ ತಾನೇ, ಅಲ್ಲೇ. ಕಿಂಡಿಯ ನೆನಪು ಇಬ್ಬರಿಗೂ ಬರಲಿಲ್ಲ. ಅವ್ವ ವಿಭೂತಿ ಹಚ್ಚಿ, ಕಣಗಿಲೆ ಹೂ ಏರಿಸಿ ಕೈಮುಗಿದಳು.

ಬಿಸಿಲು ಬಂದು ಗಂಟೆ ಕಳೆದಿರಬೇಕು. ಕೆಳಗಿನಿಂದ ಅಪ್ಪನ ಕೂಗು ಕೇಳಿಸಿತು: "ದೇವರ ಮನಿ ಸೋರಾಕತ್ತೈತಿ!"

ಓಡಿಹೋಗಿ ನೋಡಿದೆ. ಹನಿ ಹನಿಯಾಗಿ ನೀರು ಬಿದ್ದು ದೀಪ ನಂದಿಹೋಗಿತ್ತು. ಅಪ್ಪ ಹಾರೆ ಹಿಡಿದು ಮೇಲೆ ಬಂದ. ಲಿಂಗದ ಹಿಂದೆ ನೀರು ಕೆರೆಯಾಗಿತ್ತು.

"ಕಿಂಡಿ ಬಾಯಿಗೆ ಬರ್ಫ ಕೂತೈತಿ, ಹಿಂದ ಕರಗಿದ ನೀರಿಗೆ ದಾರಿ ಎಲ್ಲೈತಿ? ಒಳಗ ಇಳೀತೈತಿ. ಚಳಿ ದೇಶದಾಗ ಮನಿ ಸೋರೋದು ಹಿಂಗ!" ಎಂದು ಪಾಠ ಒಪ್ಪಿಸಿ ಹಾರೆ ಎತ್ತಿದ.

"ಒಡೀರಿ. ಮನಿ ಉಳೀಬೇಕಲ್ಲ" ಎಂದಳು ಅವ್ವ, ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಳ್ಳುತ್ತ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದುಕೊಂಡೆ. ಆದರೆ ಅಪ್ಪ ಅವಳ ಸ್ವೆಟರನ್ನು ನೋಡಿದ, ಬಹಳ ಹೊತ್ತು ನೋಡಿದ. ಹಾರೆಯನ್ನು ಗೋಡೆಗೆ ಒರಗಿಸಿ ಕೆಳಗಿಳಿದುಹೋದ. ಹಿಂತಿರುಗಿದಾಗ ಕೈಯಲ್ಲಿ ಬಚ್ಚಲಿನ ಬಿಸಿನೀರಿನ ಕೊಡ. ಚಪ್ಪಲಿ ಬಿಟ್ಟು, ಬಗ್ಗಿ, ಲಿಂಗದ ನೆತ್ತಿಯ ಮೇಲೆ ಸಣ್ಣಗೆ ಧಾರೆ ಹಿಡಿದ. ಮಂತ್ರ ಬಾರದು, ತುಟಿ ಮಾತ್ರ ಅಲುಗುತ್ತಿತ್ತು. ಅವ್ವ ಹತ್ತಿರ ಹೋಗಿ ಕೊಡಕ್ಕೆ ತಾನೂ ಕೈ ಕೊಟ್ಟಳು. ಲಿಂಗ ಕರಗುತ್ತ ಕರಗುತ್ತ ಕಿಂಡಿ ಬಾಯಿ ಬಿಟ್ಟಿತು, ಕೆರೆಯಷ್ಟೂ ನೀರು ಗಳಗಳನೆ ಓಣಿಗೆ ಇಳಿಯಿತು.

"ಬಿಸಿನೀರಿನ ಅಭಿಷೇಕ! ಕೇದಾರದಾಗೂ ಯಾರೂ ಮಾಡಿರಲಿಕ್ಕಿಲ್ಲ ತಗೋರಿ" ಎಂದು ಅವ್ವ ನಕ್ಕಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ದಸರೆಗೆ ಮನೆಗೆಲ್ಲ ಬಣ್ಣ ಬಳಿಸಿದಾಗ ದೇವರ ಮನೆಯ ಚಾವಣಿಯ ಕಲೆಯನ್ನು ಮುಟ್ಟಲು ಅಪ್ಪ ಬಿಡಲಿಲ್ಲ. ಹಬ್ಬಕ್ಕೆ ಬಂದ ನೆಂಟರೊಬ್ಬರು ಮೇಲೆ ನೋಡಿ, "ಏನ್ರಿ, ನಿಮ್ಮ ಮಾಳಗಿನೂ ಸೋರ್ತೇನು?" ಎಂದು ಕೆಣಕಿದರು.

"ಹೌದ್ರಿ, ಸೋರೇತಿ" ಎಂದ ಅಪ್ಪ. "ನಮ್ಮ ಮನಿಯಾಕಿ ಕೇದಾರಕ್ಕ ಹೋಗಿ ಬಂದಾಳ."