ಗಾಯಕನಿಗೆ ಸುತ್ತಿದ ರುಮಾಲು

ನನ್ನ ಸೋದರಮಾವ ಮಸ್ಕಿಯಲ್ಲಿ ನೀರಾವರಿ ಕಚೇರಿಯ ಗುಮಾಸ್ತ. ಹೈದರಾಬಾದಿನಲ್ಲಿ ಓದುವಾಗ ಅಲ್ಲಿನ ಒಂದು ರಾಕ್ ಬ್ಯಾಂಡಿನೊಂದಿಗೆ ಒಂದು ಸಂಜೆ ಗಿಟಾರ್ ನುಡಿಸಿದ್ದೆ ಎನ್ನುತ್ತಿದ್ದ. ನುಡಿಸಬೇಕಾದವನಿಗೆ ಜ್ವರ ಬಂದಿತ್ತಂತೆ. ಮನೆಯಲ್ಲಿ ಗಿಟಾರ್ ಇರಲಿಲ್ಲ, ಫೋಟೋ ಇರಲಿಲ್ಲ. ಆ ಬ್ಯಾಂಡಿನ ಒಂದು ಕ್ಯಾಸೆಟ್ ಇತ್ತು. ಅದು ಯಾರ ಮನೆಯಲ್ಲಾದರೂ ಇರಬಹುದಾದದ್ದು.

ಅತ್ತೆಯ ತವರು ಲಿಂಗಸೂಗೂರು. ಅಲ್ಲಿ ಊಟವಾದ ಮೇಲೆ ಅವಳ ತಮ್ಮ ಶುರು ಮಾಡುತ್ತಿದ್ದ: "ಭಾವಾರ, ಆ ಜ್ವರದ ಕತಿ ಹೇಳ್ರಲ್ಲ."

ಮಾವ ಹೇಳುತ್ತಿದ್ದ. ಅದೇ ಅವನ ತೊಂದರೆ. ಒಳಗೆ ಅತ್ತೆಯ ಕೈಯಲ್ಲಿ ಪಾತ್ರೆಗಳ ಸಪ್ಪಳ ಹೆಚ್ಚಾಗುತ್ತಿತ್ತು.

ತೊಂಬತ್ತರ ದಶಕದ ಯಾವುದೋ ವರ್ಷ ಆ ಬ್ಯಾಂಡು ಸಿಂಧನೂರಿನ ಸ್ಟೇಡಿಯಂಗೆ ಬಂತು. ಅಕ್ಕಿ ಗಿರಣಿಯವರೊಬ್ಬರ ಮಗನ ಹಟ ಅದು. ಅಷ್ಟರಲ್ಲಿ ಬ್ಯಾಂಡಿನವರ ಕೂದಲು ಬೆಳ್ಳಗಾಗಿತ್ತು, ಉದ್ದ ಮಾತ್ರ ಕಡಿಮೆಯಾಗಿರಲಿಲ್ಲ.

"ಆ ಹಾಡಾಂವ ನಿಮ್ಮ ಗುರ್ತ ಹಿಡೀತಾನೇನ್ರಿ?" ಎಂದು ಹೊರಡುವ ಮುಂಚೆ ಅತ್ತೆ ಕೇಳಿದಳು.

"ಹಿಡೀದ ಏನ್ ಮಾಡ್ತಾನ?"

"ಹಿಡೀಲಿಲ್ಲಂದ್ರ ನಾ ಈ ಸಲ ಹಬ್ಬಕ್ಕ ತವರಿಗೆ ಹೋಗೂದಿಲ್ಲ, ನೋಡ್ರಿ ಮತ್ತ. ನನ್ನ ತಮ್ಮನೂ ಬರಾಕತ್ತಾನ ಅಲ್ಲಿಗೆ."

ಗುರುತು ಹಿಡಿಯಬೇಕೆಂದರೆ ವೇದಿಕೆ ಹತ್ತಬೇಕು. ಮಾವ ಅದಕ್ಕೊಂದು ದಾರಿ ಹುಡುಕಿದ್ದ. ನಮ್ಮ ಕಡೆ ದೊಡ್ಡವರು ಯಾರೇ ಬಂದರೂ ಶಾಲು ಹೊದಿಸಿ, ತಲೆಗೆ ರುಮಾಲು ಸುತ್ತಿ ಸನ್ಮಾನ ಮಾಡದೆ ಕಳಿಸುವಂತಿಲ್ಲ. ಹತ್ತು ಮೊಳದ ಬಟ್ಟೆಯನ್ನು ಸುಕ್ಕಿಲ್ಲದಂತೆ ತಲೆಗೆ ಸುತ್ತುವುದು ಎಲ್ಲರಿಗೂ ಬರುವುದಿಲ್ಲ. ಮಸ್ಕಿಯ ಮದುಮಗಂದಿರಿಗೆಲ್ಲ ಸುತ್ತುತ್ತಿದ್ದವನು ಮಾವ. ಗಿರಣಿಯವರಿಗೆ ತಾನೇ ಹೇಳಿಕಳಿಸಿದ: ರುಮಾಲಿನ ಚಿಂತೆ ಬಿಡ್ರಿ.

ಕರೆಂಟಿನ ಭರವಸೆ ಇಲ್ಲದ್ದರಿಂದ ಕಾರ್ಯಕ್ರಮ ಹಗಲೇ ಇತ್ತು. ಹೆಂಗಸರಿಗೆ ಹಗ್ಗ ಕಟ್ಟಿದ್ದ ಜಾಗ ವೇದಿಕೆಯ ಎಡಮಗ್ಗುಲಿಗೆ. ನಾನೂ ಅತ್ತೆಯೂ ಚಾಪೆ ಹಾಸಿ ಕೂತೆವು. ಅಲ್ಲಿಂದ ಡ್ರಮ್ಮಿನವನು ಚೆನ್ನಾಗಿ ಕಾಣುತ್ತಿದ್ದ, ಉಳಿದವರು ಸ್ಪೀಕರ್ ಡಬ್ಬಿಗಳ ಹಿಂದೆ ತುಂಡು ತುಂಡಾಗಿ. ಜನ ಬಹಳ ಇತ್ತು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತು, ಪುರಾಣ ಕೇಳುವಷ್ಟೇ ಶ್ರದ್ಧೆಯಿಂದ ಕೇಳಿದರು. ಗಾಯಕ ಎರಡೂ ಕೈ ಮೇಲೆತ್ತಿ ಎದ್ದು ನಿಲ್ಲಿ ಎಂದು ಸನ್ನೆ ಮಾಡಿದ. ಮುಗಿಯಿತೆಂದುಕೊಂಡು ಹಲವರು ಎದ್ದು ಚಾಪೆ ಮಡಚಿದರು. ಹಿಂದಿನವರು "ಕುಂದ್ರಲೇ, ಕಾಣವಲ್ದು!" ಎಂದು ಕೂಗಿದರು. ಎದ್ದವರು ಕೂತರು. ಅವನು ಮತ್ತೆ ಕೈ ಎತ್ತಲಿಲ್ಲ.

ಗಿರಣಿಯವರಿಗೆ ಆಮೇಲೆ ಒಂದು ಮದುವೆಗೆ ಹೋಗಬೇಕಿತ್ತು. ಹಾಗಾಗಿ ಸನ್ಮಾನ ಹಾಡಿನ ನಡುವೆಯೇ ನಡೆಯಿತು. ಗಿಟಾರಿನವನ ಕೈಗಳ ಮೇಲೆಯೇ ಶಾಲು ಬಿತ್ತು, ಅವನು ಶಾಲಿನ ಒಳಗಿಂದ ನುಡಿಸಿದ. ಡ್ರಮ್ಮಿನವನು ನಿಲ್ಲಿಸಲೊಲ್ಲ, ಹಾರ ಹಿಡಿದವರು ಅವನ ಎದುರು ನಿಂತು ಕಾದರು. ಆಗ ಮಾವ ವೇದಿಕೆ ಹತ್ತಿದ.

ಅತ್ತೆ ನನ್ನ ಮೊಣಕೈ ಹಿಡಿದಳು. "ಮಾರಿ ನೋಡಿದ್ನೇನ ಅಂವ? ಮಾರಿ ನೋಡಿದ್ನ?"

ನನಗೆ ಕಂಡದ್ದು ಮಾವನ ಬೆನ್ನು. ಬೆನ್ನು ಗಾಯಕನ ಸುತ್ತ ತಿರುಗಿತು, ಬಟ್ಟೆ ತಿರುಗಿತು. ಗಾಯಕ ಹಾಡುತ್ತಲೇ ಇದ್ದ. ಕೊನೆಗೊಮ್ಮೆ ಮಾವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಆ ಕ್ಷಣ ಸ್ಟೇಡಿಯಂ ನಿಶ್ಶಬ್ದವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಡ್ರಮ್ಮು ನಿಂತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ತಮ್ಮ ಕಾಯುತ್ತಿದ್ದ. "ಏನ್ ಭಾವಾರ, ನಿಮ್ಮ ದೋಸ್ತ ಕಿವ್ಯಾಗ ಏನಂದ?"

"ಸಡಲ ಮಾಡ್ರಿ ಅಂದ," ಎಂದ ಮಾವ.

"ಅಷ್ಟ?"

"ಏನೂ ಕಾಣವಲ್ದು, ಅಂದ."

ಮದುಮಗನಿಗೆ ಸುತ್ತುವ ಹಾಗೆ ಹುಬ್ಬಿನ ತನಕ ಇಳಿಸಿ ಸುತ್ತಿದ್ದನಂತೆ. ಎಣ್ಣೆ ಹಚ್ಚಿದ ಉದ್ದ ಕೂದಲಿನ ಮೇಲೆ ರುಮಾಲು ನಿಲ್ಲದೆ ಜಾರಿ ಕಣ್ಣಿನ ಮೇಲೆ ಕೂತಿತ್ತು. ಮಾವ ಅವನ ಎದುರಿಗೆ ಬರುವಷ್ಟರಲ್ಲಿ ಅವನಿಗೆ ಎದುರು ಎಂಬುದೇ ಉಳಿದಿರಲಿಲ್ಲ.

ತಮ್ಮ ಬಸ್ ಸ್ಟ್ಯಾಂಡಿನ ಕಂಬ ಹಿಡಿದು ನಕ್ಕ. ಮಾವ ಮಸ್ಕಿ ಬಸ್ಸಿನ ದಾರಿ ನೋಡಿದ.

"ನಗಬ್ಯಾಡೋ ಖೋಡಿ," ಎಂದಳು ಅತ್ತೆ. "ಕಣ್ಣ ಮುಚ್ಚಿದ್ರೂ ಹಾಡ ತಪ್ಪಿಲ್ಲ ಅಂವಂದು. ಯಾಕ ತಪ್ಪಿಲ್ಲ? ಯಾರ ಕೈಯ್ಯಂತ ಗೊತ್ತಿತ್ತು ಅವಂಗ."

ಇದು ವಾದವೇ ಅಲ್ಲ. ಆದರೂ ಅವನು ನಗು ನಿಲ್ಲಿಸಿದ. ಬಸ್ಸಿನಲ್ಲಿ ಮಾವನ ಬೆರಳುಗಳು ಸೀಟಿನ ಸರಳಿನ ಮೇಲೆ ಗಿಟಾರಿನಂತೆ ಆಡುತ್ತಿದ್ದವು ಎಂದು ಮೊದಲು ಬರೆದಿದ್ದೆ. ಬಹಳ ಚೆನ್ನಾಗಿತ್ತು, ಆದ್ದರಿಂದ ತೆಗೆದಿದ್ದೇನೆ. ಅವನು ನಿದ್ದೆ ಮಾಡಿದ.

ಆ ಹಬ್ಬಕ್ಕೆ ಅತ್ತೆ ತವರಿಗೆ ಹೋದಳು. ಅಂದಿನಿಂದ ಜ್ವರದ ಕಥೆಯನ್ನು ಮಾವ ಹೇಳಲಿಲ್ಲ, ಅವಳೇ ಹೇಳತೊಡಗಿದಳು. ಒಂದೆರಡು ವರ್ಷದಲ್ಲಿ ಅವಳ ಕಥೆಯೊಳಗೆ ರುಮಾಲು ಕಣ್ಣಿನಿಂದ ಮೇಲೆ ಸರಿಯಿತು. ಇನ್ನೊಂದಿಷ್ಟು ದಿನಕ್ಕೆ ಗಾಯಕ ಮಾವನನ್ನು ತಬ್ಬಿಕೊಂಡ. ಮಾವ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದ.

"ಇಕಿನೂ ಇದ್ಲು ನನ್ನ ಜೋಡಿ, ಕೇಳ್ರಿ ಬೇಕಾದ್ರ," ಎಂದು ಅತ್ತೆ ನನ್ನ ಕಡೆ ಕೈ ಮಾಡುತ್ತಾಳೆ. ನಾನು ತಲೆ ಆಡಿಸುತ್ತೇನೆ. ಇದ್ದೆ. ನಾನು ಸರಿಯಾಗಿ ನೋಡಿದ್ದು ಒಂದೇ: ಡ್ರಮ್ಮಿನವನು ಎಡಗೈಯವನು.